ಮೆದುಳಿನ ನಿರಿಗೆ ಎಣಿಸುವವರಿಗೆ

ಪ್ರಶ್ನೆ: ತಲೆನೋವಿಗೆಂದು 11 ವರ್ಷದ ಮಗನಿಗೆ ಎಂಆರ್‌ಐ ಮಾಡಿಸಿದ್ದೆವು, ನಾರ್ಮಲ್ ಬಂತು. ಈಗ ಒಬ್ಬರು ಅದೇ ಸಿಡಿ ನೋಡಿ, ಮೆದುಳಿನ ಮಡಿಕೆಯ ಸೂಚ್ಯಂಕ 2.3, ಸರಾಸರಿಗಿಂತ ಕಡಿಮೆ, ಓದಿನಲ್ಲಿ ಹಿಂದೆ ಬೀಳುತ್ತಾನೆ ಎನ್ನುತ್ತಿದ್ದಾರೆ. ನಿಜವೇ?

ಉತ್ತರ: ಇಂಥ ಪತ್ರ ಓದಿ ಓದಿ ಸಾಕಾಗಿದೆ. ಮೊದಲು, ಅವರಿಗೆ ದುಡ್ಡು ಕೊಡಬೇಡಿ.

ಸೀರೆ ಉಡುವಾಗ ಗೇಣಗಲದ ನಿರಿಗೆಯೊಳಗೆ ಎರಡು ಮೂರು ಮೊಳ ಬಟ್ಟೆ ಅಡಗುತ್ತದಲ್ಲ, ಈ ಸೂಚ್ಯಂಕದ ಲೆಕ್ಕ ಅದೇ. ಮೆದುಳಿನ ಒಂದು ಸ್ಲೈಸಿನಲ್ಲಿ, ಅಂದರೆ ಅಡ್ಡ ಕೊಯ್ದಂಥ ತೆಳು ಹೋಳಿನಲ್ಲಿ, ಪ್ರತಿ ಮಡಿಕೆಯ ತಳಕ್ಕೂ ಇಳಿದು ಹತ್ತಿದ ಗೆರೆಯ ಉದ್ದವನ್ನು, ಮೇಲಿಂದಲೇ ಹಾದುಹೋದ ಗೆರೆಯ ಉದ್ದದಿಂದ ಭಾಗಿಸುವುದು. 1988ರಲ್ಲಿ ಜರ್ಮನಿಯ ಮೆದುಳು ತಜ್ಞ ಕಾರ್ಲ್ ಜಿಲ್ಲೆಸ್ ಮತ್ತು ಸಂಗಡಿಗರು ಅಳೆದಾಗ ಮನುಷ್ಯರ ಸರಾಸರಿ ಸುಮಾರು 2.55 ಬಂತು. ಅವರ ಕೈಯಲ್ಲಿದ್ದದ್ದು ತೀರಿಕೊಂಡವರ ಮೆದುಳು. ಅದು ಅಲ್ಲಾಡುವುದಿಲ್ಲ!

ಎಂಆರ್‌ಐನಲ್ಲಿ ಇದನ್ನು ಮಾಡಲು ಸುಮಾರು 1 ಮಿಲಿಮೀಟರಿನ, ನಡುವೆ ಸಂದಿಲ್ಲದ ಸ್ಲೈಸುಗಳು ಬೇಕು. ತಲೆನೋವಿಗೆ ತೆಗೆಯುವವು ಸಾಮಾನ್ಯವಾಗಿ 4–5 ಮಿಲಿಮೀಟರಿನವು. ಅಳೆಯಬೇಕಾದ ತೊಗಟೆಯ, ಅಂದರೆ ಮೆದುಳಿನ ಹೊರಪದರದ, ದಪ್ಪವೇ ಸರಾಸರಿ ಎರಡೂವರೆ ಮಿಲಿಮೀಟರ್. ಒಳ್ಳೆಯ ಸ್ಕ್ಯಾನಿನಲ್ಲೂ ಸಾಫ್ಟ್‌ವೇರ್ ಎಳೆದ ಗೆರೆಯನ್ನು ನಾನು ನಂಬುವುದಿಲ್ಲ, ಒಂದೊಂದೇ ಸ್ಲೈಸ್ ಸರಿಸಿ ನೋಡುತ್ತೇನೆ. ಮಡಿಕೆಯ ಎರಡು ಗೋಡೆ ಒಂದಕ್ಕೊಂದು ತಾಗಿರುವ ಕಡೆ ಗೆರೆ ಒಳಗಿಳಿಯದೆ ಮೇಲಿಂದಲೇ ದಾಟಿಬಿಟ್ಟಿರುತ್ತದೆ, ಸೂಚ್ಯಂಕ ತಗ್ಗುತ್ತದೆ. ಹುಡುಗ ಕತ್ತು ಕೊಂಚ ಅಲುಗಿಸಿದ್ದರಂತೂ ಕೇಳಬೇಡಿ. ನಿಮ್ಮ 2.3 ಬಂದಿರುವುದು ಹಾಗೇ ಇರಬೇಕು.

ಅಳತೆ ಸರಿಯಿದ್ದರೂ ಅದು ಗುಂಪು ಗುಂಪನ್ನು ಹೋಲಿಸುವ ಸಂಶೋಧನೆಗೆ, ಒಬ್ಬ ಹುಡುಗನ ಭವಿಷ್ಯ ಹೇಳುವುದಕ್ಕಲ್ಲ. ಡಾಲ್ಫಿನ್ ಮೆದುಳಿಗೆ ನಮಗಿಂತ ಹೆಚ್ಚು ನಿರಿಗೆ. ಅದನ್ನು ಯಾರೂ ಸಿಇಟಿಗೆ ಕೂರಿಸಿಲ್ಲ. ಮಡಿಕೆ ನಿಜಕ್ಕೂ ಮೂಡದ ಲಿಸೆನ್ಸೆಫಲಿಯಂಥ ಕಾಯಿಲೆಯಲ್ಲಿ ಮಗು ಚಿಕ್ಕದಿರುವಾಗಲೇ ಫಿಟ್ಸ್ ಬರುತ್ತವೆ, ಕೂರುವುದು ನಡೆಯುವುದು ತಡವಾಗುತ್ತದೆ. ಸ್ಕ್ಯಾನಿನಲ್ಲಿ ಬರಿಗಣ್ಣಿಗೇ ಗೊತ್ತಾಗುತ್ತದೆ, ಸೂಚ್ಯಂಕ ಬೇಕಿಲ್ಲ.

ಅದಿರಲಿ, ಹುಡುಗನ ತಲೆನೋವು ಈಗ ಹೇಗಿದೆ? ಅದನ್ನು ನೀವು ಬರೆದೇ ಇಲ್ಲ.

ಪ್ರಶ್ನೆ: ನನಗೀಗ 20 ವಾರ. ಸ್ಕ್ಯಾನಿನಲ್ಲಿ ಮಗುವಿನ ಮೆದುಳು ನುಣುಪಾಗಿ ಕಾಣುತ್ತದಂತೆ.

ಉತ್ತರ: ಈ ವಾರಕ್ಕೆ ಬಹುಪಾಲು ನುಣುಪಾಗಿಯೇ ಇರಬೇಕಮ್ಮ. ಹೆಚ್ಚಿನ ಮಡಿಕೆ ಮೂಡುವುದು ಕೊನೆಯ ಮೂರು ತಿಂಗಳಲ್ಲಿ. ವೈದ್ಯರಿಗೆ ಬೇರೆ ಕಾರಣದಿಂದ ಅನುಮಾನವಿದ್ದರೆ 30 ವಾರದ ಆಸುಪಾಸಿನಲ್ಲಿ ಎಂಆರ್‌ಐ ಬಗ್ಗೆ ಕೇಳಿ. ಇಂಟರ್ನೆಟ್ ಮುಚ್ಚಿಡಿ.

ಪ್ರಶ್ನೆ: ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೇನ್ ಆ್ಯಕ್ಟಿವೇಶನ್ ಕ್ಲಾಸಿಗೆ ಹಾಕಿದರೆ ಮಡಿಕೆ ಹೆಚ್ಚುತ್ತವೆಯೇ?

ಉತ್ತರ: ಮಿಡ್‌ಬ್ರೇನ್ ಅಂದರೆ ಮೆದುಳಿನ ಒಳಗಿನ ನಡುಭಾಗ, ಅದಕ್ಕೆ ಈ ಮಡಿಕೆಗಳೇ ಇಲ್ಲ. ಅಲ್ಲಿ ಬಟ್ಟೆ ಕಟ್ಟುವುದು ಅಪ್ಪ ಅಮ್ಮನ ಕಣ್ಣಿಗೆ.

ಪ್ರಶ್ನೆ: ಅಕ್ರೋಟು ಮೆದುಳಿನ ಹಾಗೇ ಇದೆಯಲ್ಲ, ತಿಂದರೆ?

ಉತ್ತರ: ಹೊಟ್ಟೆ ತುಂಬುತ್ತದೆ.