ಊರಿನ ಟ್ರಂಕ್ಡ್ ರೇಡಿಯೊ ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ ಎಫ್‌ಸಿಸಿ ಲೈಸೆನ್ಸ್ ನೋಡಿ ಕಂಡುಹಿಡಿಯಬಹುದಾ?

ನೀವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೊಸಬರು. ಅಲ್ಲಿನ ಟ್ರಂಕ್ಡ್ ರೇಡಿಯೊ, ಅಂದರೆ ಕೆಲವೇ ಚಾನೆಲ್‌ಗಳನ್ನು ಹಲವರು ಹಂಚಿಕೊಂಡು ಬಳಸುವ ಜಾಲ, ಕೇಳಬೇಕು ಅಂತಿದ್ದೀರಿ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ರೇಡಿಯೊ ರಿಸೀವರ್) ಕೊಂಡಿದ್ದೀರಿ. ಅಮೆರಿಕದಲ್ಲಿ ರೇಡಿಯೊ ಲೈಸೆನ್ಸ್ ಕೊಡುವ ಎಫ್‌ಸಿಸಿಯ ದಾಖಲೆಯಲ್ಲಿ ಊರಿನ ಹೆಸರು ಹಾಕಿ ಹುಡುಕಿದಿರಿ, ಸಿಕ್ಕ ಫ್ರೀಕ್ವೆನ್ಸಿಗಳಲ್ಲಿ ಏನೂ ಕೇಳಿಸುತ್ತಿಲ್ಲ. ನಿಮ್ಮ ಪ್ರಶ್ನೆ ಇದೇ ಅಲ್ವಾ? ಕಂಡುಹಿಡಿಯಬಹುದು. ಆದರೆ ಹೆಸರು ಹಾಕಿ ಹುಡುಕಬೇಡಿ, ಜಾಗ ಹಾಕಿ ಹುಡುಕಿ.

ಯಾಕೆಂದರೆ ಇಲ್ಲಿನ ಊರುಗಳು ಈಗ ತಮ್ಮ ತಮ್ಮ ರೇಡಿಯೊ ಬೇರೆ ಬೇರೆ ನಡೆಸುತ್ತಿಲ್ಲ. ಸ್ಯಾನ್ ಹೋಸೆ, ಸಾಂಟಾ ಕ್ಲಾರಾ, ಸನ್ನಿವೇಲ್ ಎಲ್ಲ ಸೇರಿ ಸಿಲಿಕಾನ್ ವ್ಯಾಲಿ ರೀಜನಲ್ ಇಂಟರ್‌ಆಪರೇಬಿಲಿಟಿ ಅಥಾರಿಟಿ ಅನ್ನೋ ಉದ್ದ ಹೆಸರಿನ ಸಂಸ್ಥೆ ಮಾಡಿಕೊಂಡು, 700 ಮೆಗಾಹರ್ಟ್ಸ್‌ನ ಒಂದೇ ಪಿ25 (ಪೊಲೀಸ್, ಅಗ್ನಿಶಾಮಕದಂಥವರು ಬಳಸುವ ಡಿಜಿಟಲ್ ರೇಡಿಯೊ ಪದ್ಧತಿ) ಜಾಲ ಬಳಸುತ್ತಿವೆ. ಇಂಥ ಹಂಚಿಕೆಯ ಜಾಲದ ಲೈಸೆನ್ಸ್ ನಿಮ್ಮ ಊರಿನ ಹೆಸರಲ್ಲೇ ಇರಬೇಕು ಅಂತ ಏನೂ ಇಲ್ಲ. ಹಳೆಯ ಲೈಸೆನ್ಸ್‌ಗಳ ಕಥೆ ಇನ್ನೊಂದು. ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತದೆ. ಚಾನೆಲ್ ಬಳಸುವುದು ಕಡಿಮೆಯಾದರೂ ದಾಖಲೆಯಲ್ಲಿ ಹೆಸರು ಹಾಗೇ ಇರುತ್ತದೆ.

ಎಫ್‌ಸಿಸಿಯ ಲೈಸೆನ್ಸ್ ದಾಖಲೆಯಾದ ಯುಎಲ್‌ಎಸ್‌ನ ಹುಡುಕಾಟದಲ್ಲಿ ಭೌಗೋಳಿಕ ಹುಡುಕಾಟ ಅಂತ ಒಂದು ಪುಟ ಇದೆ. ಲಾಗಿನ್ ಬೇಡ, ದುಡ್ಡೂ ಬೇಡ. ಪುಟ ನೋಡೋಕೆ ಹಳೇ ಸರ್ಕಾರಿ ಫಾರ್ಮ್ ಥರ ಇದೆ, ಹೆದರಬೇಡಿ. ಕೌಂಟಿ ಆರಿಸಿ, ಇಲ್ಲವೇ ಅಕ್ಷಾಂಶ, ರೇಖಾಂಶ ಕೊಟ್ಟು ಅದರ ಸುತ್ತ ಎಷ್ಟು ದೂರ ಹುಡುಕಬೇಕು ಅಂತ ಹಾಕಿ. ಆಮೇಲೆ ಸೇವೆಯ ಕೋಡ್. 700ರ ಸಾರ್ವಜನಿಕ ಸುರಕ್ಷತೆಯ ಟ್ರಂಕ್ಡ್ ಜಾಲಕ್ಕೆ ಎಸ್‌ವೈ. 800ರಲ್ಲಾದರೆ ವೈಪಿ, ವೈಎಫ್. ಅದಕ್ಕಿಂತ ಕೆಳಗಿನ ಬ್ಯಾಂಡ್‌ಗಳಲ್ಲಿ ವೈಡಬ್ಲ್ಯು. ಖಾಸಗಿ ಕಂಪನಿಗಳದ್ದು ವೈಜಿ.

ಒಂದು ಲೈಸೆನ್ಸ್ ತೆರೆದರೆ ಫ್ರೀಕ್ವೆನ್ಸಿಗಳ ರಾಶಿ ಬರುತ್ತದೆ. ಅದರಲ್ಲಿ ಅರ್ಧ ನಿಮಗೆ ಬೇಡ. 769ರಿಂದ 775ರವರೆಗಿನವು ಟವರ್ ಕಳಿಸುವವು, ಅವನ್ನು ಇಟ್ಟುಕೊಳ್ಳಿ. ಅದಕ್ಕೆ 30 ಸೇರಿಸಿದರೆ ಬರುವ 799ರಿಂದ 805ರವು ಕೈಯಲ್ಲಿನ ರೇಡಿಯೊ ಕಳಿಸುವವು, ಬಿಟ್ಟುಬಿಡಿ. ಸಿಗ್ನಲ್ ಯಾವ ಬಗೆಯದು ಅಂತ ಹೇಳುವ ಎಮಿಷನ್ ಅನ್ನೋ ಕಾಲಂ ಮಾತ್ರ ತಪ್ಪದೆ ನೋಡಿ. ಅಲ್ಲಿ ಎಫ್3ಇ ಅಂತ ಕೊನೆಯಾದರೆ ಹಳೆಯ ಅನಲಾಗ್ ಎಫ್‌ಎಂ ಮಾತು. 9ಕೆ80ಡಿ7ಡಬ್ಲ್ಯು ಅಂತಿದ್ದರೆ ಪಿ25 ಎರಡನೇ ಹಂತ, ಅಂದರೆ ಒಂದೇ ಚಾನೆಲ್‌ನಲ್ಲಿ ಎರಡು ಮಾತು. 7ಕೆ60ಎಫ್‌ಎಕ್ಸ್‌ಇ ಕಂಡರೆ ಡಿಎಂಆರ್, ಅಂದರೆ ಇನ್ನೊಂದು ಡಿಜಿಟಲ್ ಪದ್ಧತಿ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಜಾಗಗಳ ಪಟ್ಟಿ. ಒಂದು ಬೆಟ್ಟದ ಟವರ್‌ಗೆ ಕೊಟ್ಟ ಫ್ರೀಕ್ವೆನ್ಸಿಗಳೇ ಇನ್ನೂ ನಾಲ್ಕೈದು ಜಾಗಗಳಿಗೂ ಹಾಗೇ ರಿಪೀಟ್ ಆಗಿದ್ದರೆ, ಅದು ಸೈಮಲ್‌ಕಾಸ್ಟ್ ಇರಬೇಕು. ಎಲ್ಲ ಟವರ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಹೊತ್ತಿಗೆ ಕಳಿಸುತ್ತವೆ. ಹಾಗಿದ್ದರೆ ಅವನ್ನೆಲ್ಲ ಒಂದೇ ಸೈಟ್ ಅಂತ ಎಣಿಸಿ. ಎರಡು ಟವರ್‌ಗಳ ಸಿಗ್ನಲ್ ಸ್ವಲ್ಪ ಹಿಂದೆ ಮುಂದೆ ಬಂದು ಮಾತು ಒಡೆಯುತ್ತದೆ ಅನ್ನೋದೂ ಆಗಲೇ ಗೊತ್ತಾಗುತ್ತದೆ. ಡಾಂಗಲ್ ಕೆಟ್ಟಿದೆ ಅಂತ ಸುಮ್ನೆ ಬದಲಾಯಿಸಲು ಹೋಗಬೇಡಿ. ಆಂಟೆನಾ ಸ್ವಲ್ಪ ಜರುಗಿಸಿ, ಒಂದೇ ಟವರ್ ಬಲವಾಗಿ ಸಿಗುವ ಜಾಗ ಹುಡುಕಿ.

ಇಲ್ಲಿಗೆ ದಾಖಲೆಯ ಕೆಲಸ ಮುಗಿಯಿತು. ಯಾವ ಫ್ರೀಕ್ವೆನ್ಸಿಯನ್ನು ಬಳಸಬಹುದು ಅಂತಷ್ಟೇ ಲೈಸೆನ್ಸ್ ಹೇಳುತ್ತದೆ. ಈಗ ಯಾವುದು ಓಡುತ್ತಿದೆ, ಕಂಟ್ರೋಲ್ ಚಾನೆಲ್ ಯಾವುದು, ಟಾಕ್‌ಗ್ರೂಪ್ (ಒಟ್ಟಿಗೆ ಮಾತಾಡುವವರ ಗುಂಪು) ನಂಬರ್ ಏನು ಅಂತ ಹೇಳುವುದಿಲ್ಲ. ಟ್ರಂಕಿಂಗ್ ಅಂದರೆ ರೈಲ್ವೆ ಸ್ಟೇಷನ್ ಹೊರಗಿನ ಪ್ರೀಪೇಯ್ಡ್ ಆಟೋ ಕೌಂಟರ್ ಇದ್ದ ಹಾಗೆ. ಯಾವ ಆಟೋ ಖಾಲಿ ಇದೆಯೋ ಅದಕ್ಕೆ ಹತ್ತಿಸುತ್ತಾರೆ. ಆ ಕೌಂಟರೇ ಕಂಟ್ರೋಲ್ ಚಾನೆಲ್, ಮೊದಲು ಅದನ್ನು ಹಿಡಿಯಬೇಕು.

ಪಟ್ಟಿಯ ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಮಾತಿನ ಚಾನೆಲ್‌ಗಳು ಬಂದು ಹೋಗುತ್ತವೆ. ಕಂಟ್ರೋಲ್ ಚಾನೆಲ್ ಮಾತ್ರ ಬಿಡದೆ ಗರಗರ ಅನ್ನುತ್ತಾ ಇರುತ್ತದೆ. ಅದನ್ನು ಎಸ್‌ಡಿಆರ್‌ಟ್ರಂಕ್ ಅನ್ನೋ ಸಾಫ್ಟ್‌ವೇರ್‌ಗೆ ಕೊಡಿ. ಸಿಸ್ಟಂ ನಂಬರ್, ಸೈಟ್, ಅಕ್ಕಪಕ್ಕದ ಸೈಟ್‌ಗಳು, ಯಾವ ಟಾಕ್‌ಗ್ರೂಪ್ ಯಾವ ಚಾನೆಲ್‌ಗೆ ಹೋಯಿತು, ಎಲ್ಲ ಅದೇ ಹೇಳುತ್ತದೆ. ಅದನ್ನು ಲೈಸೆನ್ಸ್ ಪಟ್ಟಿಯ ಪಕ್ಕ ಇಟ್ಟು ಟಿಕ್ ಹಾಕುತ್ತಾ ಹೋಗಿ. ಕಂಟ್ರೋಲ್ ಚಾನೆಲ್ ಆಗಾಗ ಬೇರೆ ಫ್ರೀಕ್ವೆನ್ಸಿಗೆ ಹೋಗಬಹುದು, ಹಾಗಾಗಿ ಮಿಕ್ಕವನ್ನು ಅಳಿಸಬೇಡಿ. ಇನ್ನೊಂದು ವಿಷಯ: ನಿಮ್ಮ ಡಾಂಗಲ್ ಒಮ್ಮೆಗೆ ಸುಮಾರು 2.4 ಮೆಗಾಹರ್ಟ್ಸ್ ಮಾತ್ರ ನೋಡುತ್ತದೆ, ಟವರ್‌ಗಳ ಬ್ಯಾಂಡ್ 6 ಮೆಗಾಹರ್ಟ್ಸ್ ಅಗಲ. ಚಾನೆಲ್‌ಗಳು ದೂರ ದೂರ ಇದ್ದರೆ ಇನ್ನೊಂದು ಡಾಂಗಲ್ ಬೇಕಾಗುತ್ತದೆ.

ಎಫ್‌ಬಿಐ, ಮಿಲಿಟರಿಯಂಥ ಕೇಂದ್ರ ಸರ್ಕಾರದವರು ಯುಎಲ್‌ಎಸ್‌ನಲ್ಲಿ ಸಿಗುವುದಿಲ್ಲ. ಅವರ ಫ್ರೀಕ್ವೆನ್ಸಿ ನೋಡಿಕೊಳ್ಳುವುದು ಎನ್‌ಟಿಐಎ ಅನ್ನೋ ಬೇರೆ ಸಂಸ್ಥೆ. ಮತ್ತೆ ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ರಾಜ್ಯದ ನ್ಯಾಯ ಇಲಾಖೆ ಜನರ ಖಾಸಗಿ ವಿವರ ಗಾಳಿಯಲ್ಲಿ ಬಹಿರಂಗವಾಗಬಾರದು ಅಂತ ಸೂಚನೆ ಕೊಟ್ಟ ಮೇಲೆ ಹಲವು ಪೊಲೀಸ್ ಇಲಾಖೆಗಳು ಮಾತನ್ನು ಎನ್‌ಕ್ರಿಪ್ಟ್ ಮಾಡಿಕೊಂಡಿವೆ. ಫ್ರೀಕ್ವೆನ್ಸಿ ಸಿಕ್ಕರೂ ಅದು ಕೇಳಿಸುವುದಿಲ್ಲ, ಒಡೆಯಲು ಹೋಗುವುದೂ ಬೇಡ.

ಪೊಲೀಸ್ ಬಿಟ್ಟು ಹೋಟೆಲ್, ಮಾಲ್, ಕಾರ್ಖಾನೆಗಳ ರೇಡಿಯೊ ನೋಡಿ ಅನ್ನೋದು ನನ್ನ ಸಲಹೆ. 450ರಿಂದ 470ರ ನಡುವೆ ಬೇಕಾದಷ್ಟಿವೆ. ಪೊಲೀಸ್, ಅಗ್ನಿಶಾಮಕದವರ ಪಟ್ಟಿ ರೇಡಿಯೊರೆಫರೆನ್ಸ್ ಅನ್ನೋ ವೆಬ್‌ಸೈಟ್‌ನಲ್ಲಿ ಯಾರಾದರೂ ಹಾಕಿರುತ್ತಾರೆ. ಇಂಥ ಸಣ್ಣ ಜಾಲಗಳದ್ದು ಎಷ್ಟೋ ಸಲ ಯಾರೂ ಹಾಕಿರುವುದಿಲ್ಲ, ಅಲ್ಲಿ ಎಫ್‌ಸಿಸಿ ದಾಖಲೆಯೇ ಗತಿ. ಲೈಸೆನ್ಸ್‌ನಲ್ಲಿ ಸ್ಟೇಷನ್ ಕ್ಲಾಸ್ (ಸ್ಟೇಷನ್‌ನ ಬಗೆ) ಎಫ್‌ಬಿ8 ಅಂತಿದ್ದರೆ ಟ್ರಂಕಿಂಗ್ ಅಂತಲೇ ಲೆಕ್ಕ. ಬರೀ ಎಫ್‌ಬಿ2 (ಮಾಮೂಲಿ ರಿಪೀಟರ್) ಇದ್ದರೂ ಬಿಡಬೇಡಿ, ಖಾಸಗಿಯವರ ಟ್ರಂಕಿಂಗ್ ಅಲ್ಲದ ಜಾಲಗಳಿಗಿರುವ ಐಜಿ ಕೋಡ್‌ನಲ್ಲೂ ಒಂದೊಂದು ಸಲ ಟ್ರಂಕಿಂಗ್ ಸಿಗುತ್ತದೆ.