ವೇದಿಕೆ ಮುಂದೆ ನಕ್ಕವರು ಪಾಡ್‌ಕಾಸ್ಟ್‌ನಲ್ಲಿ ಯಾಕೆ ನಗಲ್ಲ?

ಓಪನ್ ಮೈಕ್‌ನಲ್ಲಿ (ಯಾರು ಬೇಕಾದರೂ ವೇದಿಕೆ ಏರಿ ಜೋಕು ಹೇಳಬಹುದಾದ ಕಾರ್ಯಕ್ರಮ) ಜನ ಬಿದ್ದು ಬಿದ್ದು ನಕ್ಕ ಜೋಕೇ ಪಾಡ್‌ಕಾಸ್ಟ್‌ನಲ್ಲಿ ಸಪ್ಪೆ ಅನಿಸುತ್ತೆ ಅಂತೀರಾ? ನನಗೂ ಹಾಗೇ ಆಗಿತ್ತು. ವೇದಿಕೆ ಮೇಲೆ ಪಂಚ್ (ಜೋಕಿನ ಕೊನೆಯ ನಗಿಸುವ ಸಾಲು) ಹೊಡೆದು ನಗುವಿಗೆ ಅಂತ 2 ಸೆಕೆಂಡ್ ಬಿಡ್ತೀವಿ ನೋಡಿ, ಇಯರ್‌ಫೋನ್‌ನಲ್ಲಿ ಅದು ಬರೀ ಮೌನ. ಎಡಿಟ್ ಮಾಡುವಾಗ ಅರ್ಧ ಸೆಕೆಂಡಿಗೆ ಇಳಿಸಿ. ಹುಬ್ಬು ಹಾರಿಸಿ ನಗಿಸುವ ಜೋಕುಗಳನ್ನಂತೂ ಬಿಟ್ಟೇಬಿಡಿ. (ನನ್ನ 5 ನಿಮಿಷದ ಪ್ರದರ್ಶನದಲ್ಲಿ 3 ನಿಮಿಷ ಬರೀ ಮುಖಭಾವವೇ ಇತ್ತು ಅಂತ ಆಗ ಗೊತ್ತಾಯ್ತು!) ರೆಕಾರ್ಡ್ ಮಾಡುವಾಗ ಸ್ನೇಹಿತರೊಬ್ಬರನ್ನು ಎದುರು ಕೂರಿಸಿಕೊಳ್ಳಿ, ಜೋಕು ಮಾತ್ರ ಮೊದಲೇ ಹೇಳಬೇಡಿ. ಅವರ ನಿಜವಾದ ನಗು ಕೇಳುಗರಿಗೂ ಅಂಟುತ್ತೆ. ರೆಡಿಮೇಡ್ ನಗು ಸೇರಿಸೋದು ದಯವಿಟ್ಟು ಬೇಡ. ಇನ್ನು ದನಿ ಡಬ್ಬದೊಳಗಿಂದ ಬಂದಂತಿದ್ದರೆ, ಬಟ್ಟೆ ತುಂಬಿದ ಬೀರು ತೆರೆದು ಅದರ ಕಡೆ ಮುಖ ಮಾಡಿ ರೆಕಾರ್ಡ್ ಮಾಡಿ, ಬಟ್ಟೆ ಪ್ರತಿಧ್ವನಿ ಹೀರಿಕೊಳ್ಳುತ್ತೆ.