ಹರಕೆ ಪೂಜೆ ಬೇಡ ಎಂದ ಸೊಸೆ

ಲೀನಾ ಎಂದು ಕರೆಯೋಣ. ಹೆಸರು, ಮನೆಯ ಗುರುತು ಎರಡನ್ನೂ ಬದಲಿಸಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಕಥೋಲಿಕ ಕುಟುಂಬ, ಸ್ವಲ್ಪ ಅಡಿಕೆ ತೋಟ, ಎರಡು ಹಸು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ.

ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದವರು ಅತ್ತೆ. ‘ಇವಳು ಚರ್ಚಿಗೆ ಬರಲ್ಲ ಅಂತಾಳೆ ಮೇಡಂ. ದೇವರು ಜೀವ ಕೊಟ್ಟಿದ್ದಾನೆ, ಒಂದು ಸ್ತೋತ್ರ ಹೇಳೋಕೂ ಬಾಯಿ ಬರಲ್ಲ.’

ನಡೆದದ್ದು ಇಷ್ಟು. ಫೆಬ್ರವರಿಯಲ್ಲಿ ಲೀನಾ ಮತ್ತು ಅವರ ಭಾವ ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗಿದ್ದರು. ವಾರದೊಳಗೆ ಇಬ್ಬರಿಗೂ ಜ್ವರ, ತಲೆ ಸಿಡಿತ. ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಈ ಜ್ವರದ ಬಗ್ಗೆ ನಮ್ಮ ಕಡೆಯವರಿಗೆ ಜಾಸ್ತಿ ಹೇಳಬೇಕಿಲ್ಲ. ಹೆಚ್ಚಿನವರು ಗುಣವಾಗುತ್ತಾರೆ. ಲೀನಾ ಗುಣವಾದರು. ಭಾವ ತೀರಿಕೊಂಡರು.

ಆಸ್ಪತ್ರೆಯಲ್ಲಿದ್ದಾಗಲೇ ಅತ್ತೆ ಹರಕೆ ಹೊತ್ತಿದ್ದರಂತೆ. ಸೊಸೆ ಉಳಿದರೆ ಅವಳ ಹೆಸರಲ್ಲಿ ಕೃತಜ್ಞತಾ ಬಲಿಪೂಜೆ (ಚರ್ಚಿನಲ್ಲಿ ಫಾದರ್ ನಡೆಸುವ ಮಾಸ್) ಮಾಡಿಸುತ್ತೇನೆ ಅಂತ. ಈಗ ಅದನ್ನು ತೀರಿಸಬೇಕು. ಪೂಜೆಯ ದಿನ ಮುಂದಿನ ಬೆಂಚಿನಲ್ಲಿ ಯಾರು ಕೂತಿರುತ್ತಾರೆ? ಭಾವನ ಹೆಂಡತಿ, ಅಂದರೆ ಲೀನಾ ‘ಅಕ್ಕ’ ಎಂದು ಕರೆಯುವ ಓರಗಿತ್ತಿ.

ಮೊದಲ ದಿನ ನಾನೇ ಒಂದು ತಪ್ಪು ಮಾಡಿದೆ. ‘ನೀವು ಉಳಿದಿದ್ದೀರಲ್ಲ, ಅದು ದೊಡ್ಡದಲ್ವಾ?’ ಎಂದುಬಿಟ್ಟೆ. ಅಲ್ಲಿಗೆ ಅವರ ಮಾತು ನಿಂತಿತು. ಎರಡನೇ ಭೇಟಿಯಲ್ಲಿ, ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ, ಬಾಯಿಬಿಟ್ಟರು.

‘ನಾನು ಥ್ಯಾಂಕ್ಸ್ ಹೇಳಿದ್ರೆ, ಭಾವನನ್ನ ಬಿಟ್ಟು ನನ್ನನ್ನ ಉಳಿಸಿದ್ದಕ್ಕೆ ಹೇಳಿದ ಹಾಗಾಗಲ್ವಾ ಮೇಡಂ?’

ಇದಕ್ಕೆ ತಕ್ಷಣ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಮೊದಲು ನಿದ್ದೆ, ಊಟ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತಾ ಎಂದೂ ನೇರವಾಗಿ ಕೇಳಿದೆ. ಅದು ಇರಲಿಲ್ಲ. ನಿದ್ದೆ ಮಾತ್ರ ಪೂರ್ತಿ ಕೆಟ್ಟಿತ್ತು. ಶಿವಮೊಗ್ಗದ ಮಾನಸಿಕ ವೈದ್ಯರೊಬ್ಬರಿಗೆ ಚೀಟಿ ಬರೆದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಎಂದೂ ಹೇಳಿದೆ. ಪ್ರಾರ್ಥನೆ ಮಾಡುವವರಿಗೆ ಡಾಕ್ಟರು ಬೇಡ ಅನ್ನುವುದು ನಮ್ಮಲ್ಲಿ ಇನ್ನೂ ಇದೆ.

ಆಮೇಲೆ ಅವರ ಪ್ರಶ್ನೆಗೆ ಬಂದೆವು. ಯಾರೋ ಅವರಿಗೆ ಬೈಬಲಿನಲ್ಲಿರುವ ಸಂತ ಪೌಲರ ಮಾತು ಹೇಳಿದ್ದರು, ಎಲ್ಲಕ್ಕೂ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಬೇಕು ಅಂತ. ಆದರೆ ಅವರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ (5:18) ಇರುವುದು ಎಲ್ಲಾ ಸ್ಥಿತಿಯಲ್ಲೂ ಕೃತಜ್ಞರಾಗಿರಿ ಅಂತ. ಸಾವಿನ ನಡುವೆ ಸ್ತೋತ್ರ ಹೇಳುವುದು ಬೇರೆ, ಸಾವಿಗೇ ಸ್ತೋತ್ರ ಹೇಳುವುದು ಬೇರೆ. ಎಫೆಸದವರ ಪತ್ರ ತೆಗೆದು ‘ಇಲ್ಲಿ ಎಲ್ಲಾದಕ್ಕೂ ಅಂತಲೇ ಇದೆಯಲ್ಲ’ ಎನ್ನುವವರೂ ಇದ್ದಾರೆ. ಇರಲಿ. ಅಳುವವರ ಜೊತೆ ಅಳಿ ಎಂದು ರೋಮಿನವರಿಗೆ ಬರೆದವರೂ ಅದೇ ಪೌಲರು.

ಲೀನಾಗೆ ಹಿಡಿಸಿದ್ದು ಮಾತ್ರ ಯೇಸುವಿನ ತೀರಿಹೋದ ಗೆಳೆಯ ಲಾಜರನ ಸಮಾಧಿಯ ಕಥೆ. ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ. ಯೇಸುಸ್ವಾಮಿ ಅಲ್ಲಿ ಮೊದಲು ಅಳುತ್ತಾರೆ. ಆರು ವಚನ ದಾಟಿದರೆ ತಂದೆಗೆ ವಂದನೆ ಹೇಳುತ್ತಾರೆ. ಎರಡೂ ಒಂದೇ ಜಾಗದಲ್ಲಿ. ಅದನ್ನು ಅವರ ಕೈಯಲ್ಲೇ ಓದಿಸಿದೆ. ಅವರು ಎರಡು ಸಲ ಓದಿದರು.

ಕೊಟ್ಟ ಸಲಹೆ ದೊಡ್ಡದೇನಲ್ಲ. ‘ನನ್ನನ್ನು ಉಳಿಸಿದ್ದಕ್ಕೆ’ ಎಂಬ ಪ್ರಾರ್ಥನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದೆ, ಸುಮ್ನೆ ನೂಕಬೇಡಿ. ಬದಲಿಗೆ ದಿನಕ್ಕೆ ಒಂದೇ ಒಂದು ಸಂಗತಿ, ಯಾರನ್ನೂ ನೋಯಿಸದ್ದು. ಅವರಿಗೆ ಮೊದಲು ಹೊಳೆದದ್ದು ಪಕ್ಕದ ಮನೆಯಾಕೆ: ಆಸ್ಪತ್ರೆಯಲ್ಲಿದ್ದಷ್ಟೂ ದಿನ ಬಂದು ಹಸುವಿನ ಹಾಲು ಕರೆದವರು. ‘ದೇವರಿಗೆ ಹೇಳಿ, ಆಮೇಲೆ ಅವರ ಮನೆಗೂ ಹೋಗಿ ಹೇಳಿ’ ಎಂದೆ.

ಇನ್ನೊಂದು ಕೆಲಸ ಕಷ್ಟದ್ದು. ಅಕ್ಕನ ಹತ್ತಿರ ಮಾತಾಡಬೇಕಿತ್ತು. ಐದು ತಿಂಗಳಿಂದ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಉಪ್ಪು, ಹುಳಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ಹರಕೆಯ ಸುದ್ದಿಯನ್ನು ಬೇರೆಯವರಿಂದ ಕೇಳುವ ಮೊದಲು ನಿಮ್ಮಿಂದ ಕೇಳಲಿ ಎಂದೆ. ಅಕ್ಕ ಕೊಟ್ಟ ಉತ್ತರವನ್ನು ಲೀನಾ ಹಾಗೇ ಬಂದು ಹೇಳಿದರು: ‘ನಿನ್ನ ನೋಡಿದ್ರೆ ಒಂದೊಂದು ಸಲ ಸಿಟ್ಟು ಬರುತ್ತೆ. ನೀನು ಮಾತು ಬಿಟ್ಟಿದ್ದಕ್ಕೆ ಇನ್ನೂ ಜಾಸ್ತಿ ಬಂತು.’ ಆ ದಿನ ಇಬ್ಬರೂ ಅತ್ತರಂತೆ. ಅನ್ನ ಸೀದುಹೋಯಿತಂತೆ.

ಅತ್ತೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಮಗನನ್ನು ಕಳೆದುಕೊಂಡವರು ಅವರು, ಕೈಯಲ್ಲಿ ಉಳಿದದ್ದು ಆ ಹರಕೆಯೊಂದೇ. ಬಲಿಪೂಜೆಗಿರುವ ‘ಯೂಕರಿಸ್ಟ್’ ಎಂಬ ಗ್ರೀಕ್ ಮೂಲದ ಹೆಸರಿಗೆ ಅರ್ಥವೇ ಕೃತಜ್ಞತೆ, ತೀರಿಹೋದವರಿಗಾಗಿ ಅರ್ಪಿಸುವ ಪೂಜೆಯೂ ಅದೇ ಪೂಜೆ ಎಂದೆ. ಫಾದರ್ ಹತ್ತಿರ ಕೇಳಿ ನೋಡಿ ಎಂದು ಕಳಿಸಿದೆ. ಕೊನೆಗೆ ಪೂಜೆ ಭಾವನ ಆತ್ಮಶಾಂತಿಗಾಗಿ ನಡೆಯಿತು. ಲೀನಾ ಹೆಸರನ್ನು ಕೂಗಲಿಲ್ಲ. ಅತ್ತೆಗೆ ಪೂರ್ತಿ ಸಮಾಧಾನವಾಯಿತು ಎಂದು ಹೇಳಲಾರೆ.

ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಹೊಸ ಭತ್ತದ ಕಾಳು ಹಾಕಿದ ಹಾಲನ್ನು ಅತ್ತೆ ಎಲ್ಲರಿಗೂ ಕೊಟ್ಟರಂತೆ. ಲೀನಾ ಅಕ್ಕನ ಪಕ್ಕ ಕೂತು ಕುಡಿದರು. ಊಟದ ಮೊದಲಿನ ಪ್ರಾರ್ಥನೆಯನ್ನು ಈಗಲೂ ಅತ್ತೆಯೇ ಹೇಳುತ್ತಾರೆ. ಲೀನಾ ಕೊನೆಗೆ ‘ಆಮೆನ್’ ಅಷ್ಟೇ ಹೇಳುತ್ತಾರೆ. ಸದ್ಯಕ್ಕೆ ಅಷ್ಟು ಸಾಕು ಎಂದಿದ್ದೇನೆ.